ಹೆಸರಲ್ಲಿ ಕಪ್ಪು, ಗ್ಲಾಸಲ್ಲಿ ತಿಳಿ ಕೆಂಪು

ಪ್ರಶ್ನೆ: ಸ್ಪೇನಿನ ಮಯೋರ್ಕಾ ದ್ವೀಪದಿಂದ ಅಣ್ಣ ಮಾಂತೊ ನೆಗ್ರೊ ದ್ರಾಕ್ಷಿಯ ರೆಡ್ ವೈನ್ ತಂದಿದ್ದಾನೆ. ಬಣ್ಣ ತುಂಬಾ ತಿಳಿ. ನೀರು ಬೆರೆಸಿದ್ದಾರಾ?

ಇಲ್ಲ. ಇದೇ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ, ಅದಕ್ಕೇ ಇವತ್ತು ಬಿಡಿಸಿ ಹೇಳಿಬಿಡುತ್ತೇನೆ. ನೆಗ್ರೊ ಅಂದರೆ ಕಪ್ಪು, ನಿಜ. ಆದರೆ ಆ ಕಪ್ಪು ಇರುವುದು ಸಿಪ್ಪೆಯಲ್ಲಿ. ಒಂದು ಕಪ್ಪು ದ್ರಾಕ್ಷಿ ಹಿಚುಕಿ ನೋಡಿ, ರಸಕ್ಕೆ ಬಣ್ಣವೇ ಇರುವುದಿಲ್ಲ. ಸಿಪ್ಪೆ ರಸದಲ್ಲಿ ನೆನೆದು ಎಷ್ಟು ಬಿಡುತ್ತದೋ ಅಷ್ಟೇ ವೈನಿನ ಬಣ್ಣ, ಮಾಂತೊ ನೆಗ್ರೊ ಬಿಡುವುದೇ ಕಡಿಮೆ. ಅಲ್ಲಿನ ಕಾಯೆಟ್ ದ್ರಾಕ್ಷಿಯೂ ಹಾಗೇ. ಆದರೆ ಮಾಂತೊ ನೆಗ್ರೊದಲ್ಲಿ ಸಕ್ಕರೆ ಜಾಸ್ತಿ, ಆಲ್ಕೋಹಾಲ್ 14% ಮುಟ್ಟುವುದು ಮಾಮೂಲು. ಲೇಬಲ್ ಓದಿ. ನೀರು ಬೆರೆಸಿದ್ದರೆ ಅಷ್ಟು ಉಳಿಯುತ್ತಿತ್ತಾ?

ಗ್ಲಾಸಿಗೆ ಎರಡು ಬೆರಳಷ್ಟು ಸುರಿದು ಬಿಳಿ ಹಾಳೆಯ ಮೇಲೆ ಓರೆಯಾಗಿ ಹಿಡಿಯಿರಿ. ಅಂಚಲ್ಲಿ ಇಟ್ಟಿಗೆ ಬಣ್ಣ ಕಂಡರೆ ಗಾಬರಿ ಬೇಡ. ಈ ದ್ರಾಕ್ಷಿಗೆ ಗಾಳಿ ತಾಗಿದರೆ ಬಣ್ಣ ಬೇಗ ತಿರುಗುತ್ತದೆ, ಅದಕ್ಕೇ ಎಷ್ಟೋ ವೈನ್ ತಯಾರಕರು ಕ್ಯಾಬರ್ನೆ ಸೊವಿನ್ಯೋನ್, ಸಿರಾ ದ್ರಾಕ್ಷಿಗಳ ವೈನ್ ಸೇರಿಸಿ ಬಣ್ಣ ಗಟ್ಟಿ ಮಾಡುತ್ತಾರೆ. 'ಬಣ್ಣ ಗಾಢ ಇದ್ದರೇ ಒಳ್ಳೆ ವೈನ್' ಅನ್ನುವ ಅಂಗಡಿಯವರ ಮಾತು ಶುದ್ಧ ಸುಳ್ಳು. ಫ್ರಾನ್ಸಿನ ಬರ್ಗಂಡಿಯ ಪಿನೊ ನ್ವಾರ್ ದ್ರಾಕ್ಷಿಯ ವೈನ್ ಕೂಡ ತಿಳಿಯೇ ಅಲ್ವಾ? 1891ರಲ್ಲಿ ಬಳ್ಳಿಯ ಬೇರು ಹೀರುವ ಫಿಲೊಕ್ಸೆರಾ ಹೇನು ಮಯೋರ್ಕಾಕ್ಕೆ ಬಂದು ತೋಟಗಳನ್ನೇ ತಿಂದು ಹಾಕಿತು, ಬಳ್ಳಿ ಕಿತ್ತ ಜಾಗದಲ್ಲಿ ರೈತರು ಬಾದಾಮಿ ನೆಟ್ಟರು. ಅಷ್ಟಾದರೂ ಅಲ್ಲಿನ ಬಿನಿಸಲೆಮ್, ಫೆಲಾನಿಚ್ ಊರುಗಳ ಸುತ್ತಮುತ್ತ ಉಳಿದುಕೊಂಡ ತಳಿಗಳಿವು. ಬಣ್ಣ ನೋಡಿ ಕಲಬೆರಕೆ ಅಂದರೆ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ಇಪ್ಪತ್ತು ವರ್ಷ ಎತ್ತಿಟ್ಟರೆ ರುಚಿ ಹೆಚ್ಚುತ್ತಾ?

ಸುಮ್ನೆ ಹಾಳು ಮಾಡಬೇಡಿ, ಬೇಗ ಕುಡಿಯಿರಿ.

ಪ್ರಶ್ನೆ: ಕೆನರಿ ದ್ವೀಪಗಳ ಲಿಸ್ತಾನ್ ನೆಗ್ರೊ ಇದೇ ದ್ರಾಕ್ಷಿನಾ?

ಅಲ್ಲ. ಅದು ಅಟ್ಲಾಂಟಿಕ್‌ನ ಜ್ವಾಲಾಮುಖಿ ಮಣ್ಣಿನದು. ಹೆಸರಿನ ಬಾಲ ಒಂದೇ, ಅಷ್ಟೇ.

ಪ್ರಶ್ನೆ: ದಿನಾ ಒಂದು ಗ್ಲಾಸ್ ರೆಡ್ ವೈನ್ ಹೃದಯಕ್ಕೆ ಒಳ್ಳೆಯದಂತೆ?

ಔಷಧಿ ಅಂತ ಯಾರೂ ಕುಡಿಯಬೇಡಿ. ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಬಿಪಿ ಮಾತ್ರೆ ಬಿಟ್ಟು ವೈನ್ ಕುಡಿಯಿರಿ ಅನ್ನುವ ವಿಡಿಯೊ ಪಂಡಿತರನ್ನು ನಂಬಿದ್ದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ.