ಕಸದ ಗಾಡಿ ಹಾಡು ತಲೆಯಿಂದ ಇಳಿಯದಾಗ

ದಾವಣಗೆರೆಯಲ್ಲಿ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬರುವವರು ನಿದ್ದೆ ಇಲ್ಲ ಅಂತ ಬರುತ್ತಾರೆ, ಮನೆಯಲ್ಲಿ ಜಗಳ ಅಂತ ಬರುತ್ತಾರೆ, ಮಗ ಓದುತ್ತಿಲ್ಲ ಅಂತ ಬರುತ್ತಾರೆ. ಒಂದು ಹಾಡಿನ ಕಾರಣಕ್ಕೆ ಬಂದವರು ಇವರೇ ಮೊದಲು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹೆಸರು ಬೇಡ, ಗುಮಾಸ್ತರು ಅಂತಲೇ ಕರೆಯುತ್ತೇನೆ.

ವಯಸ್ಸು 44. ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮೆಕ್ಕೆಜೋಳದ ಸೀಜನ್ ಜೋರಾಗಿತ್ತು. ಹೆಂಡತಿ ಜೊತೆಯಲ್ಲೇ ಬಂದಿದ್ದರು, ಆದರೆ ಹೊರಗೆ ಬೆಂಚಿನ ಮೇಲೆ ಕೂತರು. ಇವರು ಒಳಗೆ ಬಂದು ಬಾಗಿಲು ಹಾಕಿ, ಎರಡು ನಿಮಿಷ ಕರ್ಚೀಫು ಮಡಚುವುದು, ಬಿಚ್ಚುವುದು ಮಾಡಿದರು. ಆಮೇಲೆ ಕೇಳಿದರು: "ಮೇಡಂ, ತಲೆಯೊಳಗೆ ಒಂದು ಹಾಡು ಕುಂತೈತ್ರೀ. ಹೋಗಂಗೇ ಇಲ್ಲ. ಇದು ಹುಚ್ಚಿನ ಶುರುವಾತಾ?"

ಹಾಡು ಯಾವುದು ಅಂದರೆ, ಅವರ ಬೀದಿಗೆ ಬೆಳಿಗ್ಗೆ ಬರುವ ಕಸದ ಗಾಡಿಯದು. ಗಾಡಿ ಅವರ ಮನೆ ಮುಂದೆ ನಿಲ್ಲುತ್ತದೆ, ಎರಡು ಸಾಲು ಕೇಳಿಸುತ್ತದೆ, ಮೂರನೆಯದು ಶುರುವಾಗುವ ಹೊತ್ತಿಗೆ ಗಾಡಿ ಪಕ್ಕದ ಕ್ರಾಸಿಗೆ ತಿರುಗುತ್ತದೆ. ಆ ಎರಡೇ ಸಾಲು ಇಡೀ ದಿನ ತಲೆಯಲ್ಲಿ ಸುತ್ತುತ್ತಿತ್ತು. ನಾನು ಕೇಳುವಾಗಲೂ ಅವರ ಬೆರಳು ಮೇಜಿನ ಅಂಚಿನಲ್ಲಿ ಅದೇ ತಾಳ ಹಾಕುತ್ತಿತ್ತು. ಅವರಿಗೆ ಗೊತ್ತೇ ಇರಲಿಲ್ಲ.

ಎರಡು ತಿಂಗಳಿಂದ ಅವರು ಇದರ ಜೊತೆ ಹೊಡೆದಾಡುತ್ತಿದ್ದರು. ಗಾಡಿ ಬರುವ ಹೊತ್ತಿಗೆ ಕಿವಿಗೆ ಹತ್ತಿ. ಕಿಟಕಿ ಬಂದ್. ಹಿಂದಿನ ಬೀದಿಯಿಂದ ಕೆಲಸಕ್ಕೆ. ಹಾಡು ಬಂದ ತಕ್ಷಣ ತಲೆ ಕೊಡವಿ "ಬೇಡ, ಬೇಡ" ಅಂದುಕೊಳ್ಳುವುದು. ಒಂದು ದಿನ ರೈತರೊಬ್ಬರ ಪಟ್ಟಿಯಲ್ಲಿ 47 ಚೀಲ ಇದ್ದದ್ದು 74 ಆಯಿತು. ಸಾಹುಕಾರರು ಎಲ್ಲರ ಮುಂದೆ ಬೈದರು. ಆ ರಾತ್ರಿ ಇವರು ಫೋನಿನಲ್ಲಿ ಹುಡುಕಿದರು. ರಾತ್ರಿ ಹನ್ನೊಂದಕ್ಕೆ ಭಯ ಇಟ್ಟುಕೊಂಡು ರೋಗ ಹುಡುಕಿದರೆ ರೋಗವೇ ಸಿಗುತ್ತದೆ. ಅವರಿಗೂ ಸಿಕ್ಕಿತು. ಅಲ್ಲಿಂದ ನಿದ್ದೆ ಹೋಯಿತು.

ನಾನು ಮೊದಲು ಕೆಲವು ಪ್ರಶ್ನೆ ಕೇಳಿದೆ. ಹಾಡು ಹೊರಗಿನಿಂದ, ಯಾರೋ ಹಾಕಿದ ಹಾಗೆ ಕಿವಿಗೆ ಕೇಳಿಸುತ್ತದಾ, ಅಥವಾ ಒಳಗೇ ನೆನಪಾಗುತ್ತದಾ? ಒಳಗೇ. ಬೇರೆ ದನಿ ಏನಾದರೂ ಮಾತಾಡುತ್ತದಾ, ಇಂಥದ್ದು ಮಾಡು ಅನ್ನುತ್ತದಾ? ಇಲ್ಲ. ಇಷ್ಟು ಸಲ ಹೇಳಿ ಮುಗಿಸದಿದ್ದರೆ ಮನೆಯವರಿಗೆ ಕೆಟ್ಟದ್ದಾಗುತ್ತದೆ ಅನ್ನಿಸುತ್ತದಾ? ಇಲ್ಲ. ಕಿವಿ ಮಂದ ಆಗಿದೆಯಾ? ಇಲ್ಲ. ಕೊನೆಯ ಪ್ರಶ್ನೆಗೂ ಕಾರಣ ಇದೆ. ಕಿವಿ ಮಂದವಾದ ಕೆಲವು ಹಿರಿಯರಿಗೆ ಹಾಡು ನಿಜವಾಗಿ ಹೊರಗೆ ಕೇಳಿದ ಹಾಗೇ ಆಗುತ್ತದೆ. ಅವರನ್ನು ಡಾಕ್ಟರ ಹತ್ತಿರ ಕಳಿಸಬೇಕು. ಗುಮಾಸ್ತರದ್ದು ಅದಲ್ಲ.

ಅವರದ್ದು ಎಲ್ಲರಿಗೂ ಆಗುವಂಥದ್ದು. ಜರ್ಮನ್ ಭಾಷೆಯಲ್ಲಿ ಇದಕ್ಕೆ ಕಿವಿಹುಳ ಅನ್ನುವ ಅರ್ಥದ ಪದವೇ ಇದೆ. ಫಿನ್ಲೆಂಡಿನಲ್ಲಿ ಸಾವಿರಾರು ಜನರನ್ನು ಕೇಳಿದಾಗ ನೂರಕ್ಕೆ ಸುಮಾರು ತೊಂಬತ್ತು ಮಂದಿ, ವಾರಕ್ಕೆ ಒಂದು ಸಲವಾದರೂ ಹೀಗಾಗುತ್ತದೆ ಅಂದರು. ಇದನ್ನು ಹೇಳಿದಾಗ ಗುಮಾಸ್ತರು ತಲೆಯಾಡಿಸಿದರು, ಆದರೆ ಮುಖದಲ್ಲಿ ನಂಬಿಕೆ ಇರಲಿಲ್ಲ. ಏನೋ ಉಳಿದಿದೆ ಅನ್ನಿಸಿತು. "ಹುಚ್ಚು ಅಂದ್ರಲ್ಲ, ಆ ಮಾತು ಎಲ್ಲಿಂದ ಬಂತು?" ಅಂತ ಕೇಳಿದೆ.

ಆಗ ದೊಡ್ಡಪ್ಪನ ವಿಷಯ ಬಂತು. ಇವರು ಚಿಕ್ಕವರಿದ್ದಾಗ ಜಗಳೂರಿನ ಕಡೆ ಹಳ್ಳಿಯಲ್ಲಿ ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ದಿನವಿಡೀ ಒಂದೇ ಹಾಡಿನ ಪದ ಗೊಣಗುತ್ತಿದ್ದರಂತೆ. ಮಕ್ಕಳು ಹಿಂದೆ ನಿಂತು ಅಣಕಿಸುತ್ತಿದ್ದರು. ಇವರೂ ಅಣಕಿಸಿದವರೇ. ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಔಷಧಿ ಕೊಡಿಸಿದರು, ಸ್ವಲ್ಪ ಸುಧಾರಿಸಿತು. ಆದರೆ ಮನೆಯಲ್ಲಿ ಯಾರೂ ಆ ಮಾತು ಎತ್ತಬಾರದು. ಮದುವೆಯಾಗಿ ಹದಿನೇಳು ವರ್ಷ, ಹೆಂಡತಿಗೂ ಹೇಳಿಲ್ಲ. "ಈಗ ನಂಗೂ ಅದೇ ಬಂತು ಅನ್ಕೊಂಡೆ ಮೇಡಂ. ಅಣಕಿಸಿದ್ದಕ್ಕೆ."

ಆ ದಿನದ ಸಮಯ ಪೂರ್ತಿ ಇದಕ್ಕೇ ಹೋಯಿತು. ಹೋಗಬೇಕಾದದ್ದೇ. ಮನೆತನದಲ್ಲಿ ಒಬ್ಬರಿಗೆ ಇದ್ದರೆ ಉಳಿದವರಿಗೆ ಸಾಧ್ಯತೆ ಸ್ವಲ್ಪ ಜಾಸ್ತಿ, ಅದನ್ನು ನಾನು ಮುಚ್ಚಿಡಲಿಲ್ಲ. ಆದರೆ ಬಂದೇ ಬರುತ್ತದೆ ಅಂತ ಇಲ್ಲ. ಅಂಥ ಕಾಯಿಲೆ ಹೆಚ್ಚಾಗಿ ಹರೆಯದಲ್ಲೇ ಶುರುವಾಗುತ್ತದೆ. ಮುಖ್ಯವಾಗಿ, ನೆನಪಾಗಿ ಸುತ್ತುವ ಹಾಡು ಅದರ ಲಕ್ಷಣ ಅಲ್ಲ. ಅಣಕಿಸಿದ ಪಾಪ ತಿರುಗಿ ಬರುವ ಲೆಕ್ಕ ಮನಸ್ಸಿನ ಕಾಯಿಲೆಯಲ್ಲಿ ಇಲ್ಲ. ಇದನ್ನು ಎರಡು ಸಲ ಹೇಳಿದೆ. ಅವರು ಅತ್ತರು. ಸ್ವಲ್ಪ ಹೊತ್ತಾದ ಮೇಲೆ, ಹೆಂಡತಿಯನ್ನು ಒಳಗೆ ಕರೆಯಲಾ ಅಂತ ಅವರೇ ಕೇಳಿದರು.

ಎರಡನೇ ಭೇಟಿಯಲ್ಲಿ ಹಾಡಿನ ಕಡೆ ಬಂದೆವು. ಮೊದಲ ಸಲಹೆ, ಹೊಡೆದಾಟ ನಿಲ್ಲಿಸಿ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಒಂದು ಪ್ರಯೋಗ ಮಾಡಿದರು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಜನ ಬಾರಿಸುತ್ತಲೇ ಇದ್ದರು. ಬೇಡ ಅಂದದ್ದು ಬಂದಿದೆಯಾ ಅಂತ ಮನಸ್ಸು ಒಳಗೇ ನೋಡುತ್ತಿರುತ್ತದೆ, ಆ ನೋಡುವುದೇ ಕರೆದ ಹಾಗೆ. ಕಿವಿಯ ಹತ್ತಿ ತೆಗೆಯಿರಿ, ಮುಂದಿನ ಬೀದಿಯಲ್ಲೇ ಹೋಗಿ ಅಂದೆ. ಹಾಡು ಬಂದರೆ ಪಕ್ಕದ ಮನೆ ರೇಡಿಯೋ ಅಂದುಕೊಂಡು ನಿಮ್ಮ ಕೆಲಸ ನೀವು ಮಾಡಿ.

ಆಮೇಲೆ ಆ ಹಾಡನ್ನು ಒಮ್ಮೆ ಪೂರ್ತಿ ಕೇಳಿ ಅಂದೆ. ಮೊದಲಿಂದ ಕೊನೆವರೆಗೆ, ಹಗಲಲ್ಲಿ, ಹೆಂಡತಿಯ ಜೊತೆ. ಅರ್ಧಕ್ಕೆ ನಿಂತದ್ದು ಮನಸ್ಸಿನಲ್ಲಿ ಕೊಕ್ಕೆ ಹಾಕಿಕೊಂಡು ಕೂರುತ್ತದೆ. ಗಾಡಿ ಎರಡು ತಿಂಗಳು ಅವರಿಗೆ ಮೂರನೇ ಸಾಲು ಕೊಟ್ಟಿರಲಿಲ್ಲ, ಅಲ್ವಾ.

ಪಟ್ಟಿ ಬರೆಯುವಾಗಲೇ ಹಾಡು ಜಾಸ್ತಿ ಬರುವುದಕ್ಕೂ ಕಾರಣ ಇದೆ. ಇಪ್ಪತ್ತು ವರ್ಷ ಮಾಡಿದ ಕೆಲಸ, ಕೈ ತಾನೇ ಬರೆಯುತ್ತದೆ. ತೀರಾ ಸುಲಭದ ಕೆಲಸದಲ್ಲಿ ಮನಸ್ಸು ಖಾಲಿ, ಹಾಡಿಗೆ ಜಾಗ ಆಗುತ್ತದೆ. ತೀರಾ ಕಷ್ಟದ್ದಾದರೂ ಮನಸ್ಸು ಬಿಟ್ಟೋಡಿ ಹಾಡಿನ ಹತ್ತಿರವೇ ಹೋಗುತ್ತದೆ. ನಡುವಿನದು ಬೇಕು. ಹಾಗಾಗಿ ಪ್ರತಿ ಪಟ್ಟಿಯ ಚೀಲ ಮತ್ತು ತೂಕವನ್ನು ಮೆಲ್ಲಗೆ ಬಾಯಿಬಿಟ್ಟು ಓದಿ, ಒಮ್ಮೆ ಕೆಳಗಿನಿಂದ ಮೇಲಕ್ಕೆ ಕೂಡಿ ನೋಡಿ ಅಂದೆ. ತಪ್ಪೂ ಸಿಗುತ್ತದೆ, ಬಾಯಿಗೂ ಬಿಡುವಿರುವುದಿಲ್ಲ. ಮಧ್ಯಾಹ್ನ ಪೇಪರಿನ ಪದಬಂಧ.

ಇನ್ನೊಂದು, ಜಗಿಯುವುದು. 2015ರಲ್ಲಿ ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದವರು ಹಾಡು ಕೇಳಿಸಿ ಚೂಯಿಂಗ್ ಗಮ್ ಕೊಟ್ಟು ನೋಡಿದರು. ಜಗಿಯುತ್ತಿದ್ದವರಿಗೆ ಹಾಡು ಕಡಿಮೆ ನೆನಪಾಯಿತು. ನಾವು ತಲೆಯಲ್ಲಿ ಹಾಡುವಾಗಲೂ ಬಾಯಿಯ ಮಾತಿನ ವ್ಯವಸ್ಥೆ ಒಳಗೊಳಗೇ ಸೇರಿಕೊಂಡಿರುತ್ತದೆ, ದವಡೆಗೆ ಬೇರೆ ಕೆಲಸ ಕೊಟ್ಟರೆ ಅದಕ್ಕೆ ತೊಡಕು. ಗುಮಾಸ್ತರಿಗೆ ಗಮ್ ಇಷ್ಟ ಇಲ್ಲ. ನಮ್ಮೂರಲ್ಲಿ ಮಂಡಕ್ಕಿಗೆ ಬರವೇ? ಒಂದು ಡಬ್ಬಿ ಮಂಡಕ್ಕಿ ಮತ್ತು ಹುರಿಗಡಲೆ ಮೇಜಿನ ಮೇಲಿರಲಿ ಅಂದೆ. ಪ್ರಯೋಗ ಮಂಡಕ್ಕಿಯಲ್ಲಿ ಆದದ್ದಲ್ಲ ಅಂತಲೂ ಹೇಳಿದೆ.

ಮಲಗುವ ಮುಂಚೆ ಹಾಡು ಬೇಡ, ಫೋನೂ ಬೇಡ. ಎರಡು ವಾರದಲ್ಲಿ ನಿದ್ದೆ ತಿರುಗದಿದ್ದರೆ ಮನೋವೈದ್ಯರಿಗೆ ಚೀಟಿ ಬರೆದುಕೊಡುತ್ತೇನೆ ಅಂದೆ. ರಾತ್ರಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಚೀಟಿ ಬೇಕಾಗಲಿಲ್ಲ. ಮೂರನೇ ಭೇಟಿಗೆ ಇಬ್ಬರೂ ಒಳಗೇ ಬಂದು ಕೂತರು. ಹಾಡು ಹೋಗಿಲ್ಲ, ದಿನಕ್ಕೆ ಒಂದೆರಡು ಸಲ ಬರುತ್ತದಂತೆ. ಯಾವಾಗ ಹೋಯಿತು ಅಂತ ಗೊತ್ತಾಗುವುದಿಲ್ಲವಂತೆ. ದೊಡ್ಡಪ್ಪನ ವಿಷಯ ಮಗನಿಗೂ ಹೇಳಿದ್ದಾರೆ. ದೊಡ್ಡಪ್ಪ ಗೊಣಗುತ್ತಿದ್ದ ಪದ ಯಾವುದು ಅಂತ ಮಗ ಕೇಳಿದನಂತೆ. ಇವರಿಗೆ ನೆನಪಿಲ್ಲ. ಈ ಯುಗಾದಿಗೆ ಊರಿಗೆ ಹೋದಾಗ ದೊಡ್ಡಮ್ಮನನ್ನು ಕೇಳಬೇಕು ಅಂದರು.