ಕೂರ್ಗ್ ಹೆಸರಿನ ಪೊಟ್ಟಣಕ್ಕೆ ಸಿಬಿಐ ಯಾಕೆ?

"ಕುಶಾಲನಗರದಿಂದ ಮಡಿಕೇರಿವರೆಗೆ ರಸ್ತೆ ಬದಿಯ ಅಂಗಡಿಗಳಲ್ಲಿ ಎಲ್ಲಿಂದಲೋ ಬಂದ ಪುಡಿಗೆ ‘ಕೂರ್ಗ್ ಕಾಫಿ’ ಎಂದು ಲೇಬಲ್ ಹಚ್ಚಿ ಮಾರುತ್ತಾರೆ. ನಾಗಪುರದ ಹಣ್ಣು ಇಲ್ಲಿ ಕೊಡಗಿನ ಕಿತ್ತಳೆಯಾಗುತ್ತದೆ. ಠಾಣೆಯಲ್ಲಿ ಕೇಳಿದರೆ ‘ಇದು ಸಿವಿಲ್ ವಿಚಾರ’ ಅಂದರು. ಅಮೆರಿಕದಲ್ಲಿ ನಕಲಿ ಮಾಲಿನ ಬೆನ್ನು ಹತ್ತಲು ಎಫ್‌ಬಿಐ ಇದೆ. ನಮ್ಮ ಸಿಬಿಐ, ಎನ್‌ಐಎ ಏನು ಮಾಡುತ್ತಿವೆ? ಒಂದು ಪೊಟ್ಟಣದ ಫೋಟೊ ಕಳಿಸಿದ್ದೇನೆ." — ಶನಿವಾರಸಂತೆಯ ಓದುಗರೊಬ್ಬರು

ಮಾನ್ಯರೇ,

ನಿಮ್ಮ ಸಿಟ್ಟು ನ್ಯಾಯವಾದದ್ದೇ, ವಿಳಾಸ ಮಾತ್ರ ತಪ್ಪಿದೆ. ನಮ್ಮ ಜನರಿಗೆ ಒಂದು ಚಾಳಿ ಅಂಟಿದೆ: ಏನೇ ಆದರೂ ‘ಸಿಬಿಐಗೆ ಕೊಡಿ’ ಅನ್ನುವುದು. ಕೈಗೆಟುಕುವ ದೂರದಲ್ಲಿರುವ ಕಾನೂನನ್ನು ಓದಿ ನೋಡುವ ತಾಳ್ಮೆ ಯಾರಿಗೂ ಇಲ್ಲ.

ಎನ್‌ಐಎಯನ್ನು ಮೊದಲೇ ಬದಿಗಿಡಿ. 2008ರ ಕಾಯ್ದೆಯ ಅನುಸೂಚಿಯಲ್ಲಿರುವ ಅಪರಾಧಗಳನ್ನಷ್ಟೇ ಅದು ಕೈಗೆತ್ತಿಕೊಳ್ಳಬಹುದು. ಭಯೋತ್ಪಾದನೆ, ಮಾನವ ಕಳ್ಳಸಾಗಣೆ, ಖೋಟಾ ನೋಟು ಅಲ್ಲಿವೆ. ಖೋಟಾ ಲೇಬಲ್ ಇಲ್ಲ. ಸಿಬಿಐ ನಡೆಯುವುದು 1946ರ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆಯ ಮೇಲೆ. ಅದರ 6ನೇ ಕಲಮಿನ ಪ್ರಕಾರ ರಾಜ್ಯ ಒಪ್ಪದೆ ಅದು ಇಲ್ಲಿ ಕಾಲಿಡುವಂತಿಲ್ಲ. ಕರ್ನಾಟಕ ತನ್ನ ಸಾರ್ವತ್ರಿಕ ಒಪ್ಪಿಗೆಯನ್ನು 2024ರ ಸೆಪ್ಟೆಂಬರಿನಲ್ಲಿ ಹಿಂಪಡೆದಿದೆ. ಹೈಕೋರ್ಟು ಆದೇಶಿಸಿದರೆ ಒಪ್ಪಿಗೆ ಬೇಕಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದು ನಿಜ. ಆದರೆ ಆ ಅಧಿಕಾರವನ್ನು ಅಪರೂಪಕ್ಕೆ ಮಾತ್ರ ಬಳಸಬೇಕೆಂದು ಅದೇ ತೀರ್ಪು ಎಚ್ಚರಿಸಿದೆ. ಕಾಲು ಕಿಲೋ ಕಾಫಿಪುಡಿ ಆ ಅಪರೂಪದ ಸಾಲಿಗೆ ಸೇರುವುದಿಲ್ಲ.

ಎಫ್‌ಬಿಐ ಬಗ್ಗೆ ನೀವು ಬರೆದದ್ದು ಅರ್ಧ ಸರಿ. ಅಲ್ಲಿ ನಕಲಿ ಮುದ್ರೆಯ ಮಾಲಿಗೆ ಮೊದಲ ಸಲಕ್ಕೇ 10 ವರ್ಷದವರೆಗೆ ಜೈಲು, 20 ಲಕ್ಷ ಡಾಲರ್‌ವರೆಗೆ ದಂಡ ಇದೆ. ಆದರೂ ಎಫ್‌ಬಿಐ ಮೊದಲು ನೋಡುವುದು ವ್ಯಾಪಾರ ರಹಸ್ಯದ ಕಳವನ್ನು ಮತ್ತು ಜನರ ಆರೋಗ್ಯ, ಸುರಕ್ಷತೆಗೆ ಕುತ್ತು ತರುವ ನಕಲಿ ಮಾಲನ್ನು. ಬೀದಿ ಅಂಗಡಿಯ ಲೇಬಲ್ ಅದರ ತಲೆನೋವಲ್ಲ. ಹಳೆಯ ವಿಡಿಯೊ ಕ್ಯಾಸೆಟ್ ಹಾಕಿದೊಡನೆ ಬರುತ್ತಿದ್ದ ಎಫ್‌ಬಿಐ ಎಚ್ಚರಿಕೆ ನೋಡಿ ನೋಡಿ, ಮನೆಮನೆಗೂ ಅವರು ಬರುತ್ತಾರೆ ಅಂತ ನಾವೇ ಅಂದುಕೊಂಡೆವು. ಇನ್ನು ವ್ಯಾಪಾರ ರಹಸ್ಯಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯೇ ಇಲ್ಲ. ಕಾನೂನು ಆಯೋಗ 2024ರಲ್ಲಿ ತನ್ನ 289ನೇ ವರದಿಯಲ್ಲಿ ಒಂದು ಕರಡು ಕೊಟ್ಟಿದೆ, ಅಷ್ಟೇ.

ಕೇಂದ್ರದ ಸಂಸ್ಥೆಯಿಂದ ಏನೂ ಉಪಯೋಗವಿಲ್ಲ ಎಂದು ಹೇಳುತ್ತಿಲ್ಲ. ಮಾರುವವನು ಬೇರೆ ದೇಶದಲ್ಲಿ ಕೂತಿದ್ದರೆ ಇಂಟರ್‌ಪೋಲ್ ಸಂಪರ್ಕ ಸಿಗುವುದು ಸಿಬಿಐ ಮೂಲಕವೇ. ಅಲ್ಲಿಗೂ ಕಡತ ಹೋಗಬೇಕಾದದ್ದು ಜಿಲ್ಲೆಯ ಪೊಲೀಸರಿಂದ.

ಈಗ ಠಾಣೆಯ ಮಾತಿಗೆ ಬರೋಣ. ‘ಸಿವಿಲ್ ವಿಚಾರ’ ಅಂದದ್ದು ತಪ್ಪು. 1999ರ ಭೌಗೋಳಿಕ ಸೂಚಕಗಳ (ಜಿಐ, ಅಂದರೆ ಒಂದು ಊರಿನ ಹೆಸರಿನ ಸರಕಿಗೆ ಸಿಗುವ ಕಾನೂನಿನ ರಕ್ಷಣೆ) ಕಾಯ್ದೆಯ 39 ಮತ್ತು 40ನೇ ಕಲಮುಗಳಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ. ಅಪರಾಧ ಸಂಜ್ಞೇಯ, ಅಂದರೆ ಪೊಲೀಸರೇ ನೇರವಾಗಿ ಪ್ರಕರಣ ದಾಖಲಿಸಬಹುದು. ಹಾಗಾದರೆ ಪಿಎಸ್‌ಐ ಯಾಕೆ ಕೈ ತೊಳೆದುಕೊಂಡರು? 50ನೇ ಕಲಮಿನಲ್ಲಿ ಎರಡು ಕೊಂಡಿಗಳಿವೆ. ವಾರಂಟ್ ಇಲ್ಲದೆ ಶೋಧ, ಜಪ್ತಿ ಮಾಡುವ ಅಧಿಕಾರ ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರಿಗಿಲ್ಲ. ಡಿವೈಎಸ್ಪಿಯೂ ಅಂಗಡಿಗೆ ನುಗ್ಗುವ ಮುಂಚೆ ಜಿಐ ರಿಜಿಸ್ಟ್ರಾರರ ಅಭಿಪ್ರಾಯ ತರಿಸಿಕೊಳ್ಳಬೇಕು, ಅದಕ್ಕೆ ಬದ್ಧರಾಗಬೇಕು. ಜಿಐ ನೋಂದಣಿ ಕಚೇರಿ ಇರುವುದು ಚೆನ್ನೈನಲ್ಲಿ. ಕಾಗದ ಹೋಗಿ ಬರುವಷ್ಟರಲ್ಲಿ ಅಂಗಡಿಯ ಕಪಾಟು ಖಾಲಿ. ಅವಸರಪಟ್ಟು ಅಭಿಪ್ರಾಯ ಇಲ್ಲದೆ ಜಪ್ತಿ ಮಾಡಿದರೆ ಆರೋಪಿಯ ವಕೀಲರು ಮೊದಲು ಕೀಳುವುದು ಆ ಇಟ್ಟಿಗೆಯನ್ನೇ. ಜಪ್ತಿಯಾದ ಮೇಲೂ ಮಾಲಿನವರು 15 ದಿನದೊಳಗೆ ಮ್ಯಾಜಿಸ್ಟ್ರೇಟರಲ್ಲಿ ವಾಪಸು ಕೇಳಬಹುದು.

ಹಾಗಾಗಿ ದೂರನ್ನು ಠಾಣೆಗೆ ಕೊಟ್ಟು ಸುಮ್ಮನಾಗಬೇಡಿ. ಸೋಮವಾರಪೇಟೆ ಉಪವಿಭಾಗದ ಡಿವೈಎಸ್ಪಿಗೂ ಒಂದು ಪ್ರತಿ ಕೊಡಿ. ಜೊತೆಗೆ ಜಿಐ ನೋಂದಣಿಯ ನಕಲು, ಕೊಂಡ ಬಿಲ್ಲು, ಒಡೆಯದ ಪೊಟ್ಟಣ, ಅಂಗಡಿಯ ಫಲಕ ಕಾಣುವ ಫೋಟೊ ಇರಲಿ. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಲ್ಲಿ ಎಫ್‌ಐಆರ್‌ಗೆ ಮುಂಚೆ 14 ದಿನದ ಪ್ರಾಥಮಿಕ ವಿಚಾರಣೆಗೆ ಹೊಸ ನಾಗರಿಕ ಸುರಕ್ಷಾ ಸಂಹಿತೆ ಅವಕಾಶ ಕೊಡುತ್ತದೆ. ಅದಕ್ಕೂ ಡಿವೈಎಸ್ಪಿಯ ಅನುಮತಿ ಬೇಕು. ಮಹಜರಿನ ವಿಡಿಯೊ ಚಿತ್ರೀಕರಣ ಈಗ ಕಡ್ಡಾಯ. ಬಂಧನ ಆಗಲೇಬೇಕೆಂದು ಹಟ ಹಿಡಿಯಬೇಡಿ, ಇಂಥ ಪ್ರಕರಣದಲ್ಲಿ ಸಾಮಾನ್ಯವಾಗಿ ನೋಟಿಸ್ ಕೊಟ್ಟು ಕರೆಯುತ್ತಾರೆ.

ವಕೀಲರಿಗೆ ಗೊತ್ತಿರುವ ಇನ್ನೊಂದು ಒಳದಾರಿ ಇದೆ. ನೀವೂ ಪುಡಿ ಮಾರುವವರಾಗಿದ್ದು, ನಿಮ್ಮ ಪೊಟ್ಟಣದ ಮೇಲಿನ ಚಿತ್ರವನ್ನೇ ಯಾರಾದರೂ ಕದ್ದಿದ್ದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ. ಅಲ್ಲಿ ಪಿಎಸ್‌ಐಯೇ ವಾರಂಟ್ ಇಲ್ಲದೆ ಜಪ್ತಿ ಮಾಡಬಹುದು, ರಿಜಿಸ್ಟ್ರಾರರ ಅಭಿಪ್ರಾಯ ಬೇಕಿಲ್ಲ. ಆ ಅಪರಾಧ ಸಂಜ್ಞೇಯ, ಜಾಮೀನುರಹಿತ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಚಿತ್ರ ನಿಮ್ಮದೇ ಎನ್ನುವುದಕ್ಕೆ ಬರೆದವರ ಕಾಗದ, ಮುದ್ರಣದ ಬಿಲ್ಲು ಇಟ್ಟುಕೊಂಡಿರಬೇಕು, ಅಷ್ಟೇ.

ನೀವು ಕಳಿಸಿದ ಫೋಟೊ ನೋಡಿದೆ. ಮುಂದೆ ದಪ್ಪಕ್ಷರದಲ್ಲಿ ‘ಕೂರ್ಗ್’. ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಕಾಫಿ 53, ಚಿಕೋರಿ 47. ಈ ಪ್ರಮಾಣದಲ್ಲಿ ತಪ್ಪಿಲ್ಲ, ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಅದನ್ನು ಲೇಬಲ್ಲಿನಲ್ಲಿ ಹೇಳಬೇಕು. ಆಹಾರ ಪರವಾನಗಿಯ 14 ಅಂಕಿಗಳು 113ರಿಂದ ಶುರುವಾಗುತ್ತವೆ, ಅಂದರೆ ಕೇರಳದ ಪರವಾನಗಿ. ಕರ್ನಾಟಕದ್ದಾದರೆ 112 ಇರುತ್ತಿತ್ತು. ಆದರೆ ಪರವಾನಗಿ ಕೇರಳದ್ದು ಎಂದ ಮಾತ್ರಕ್ಕೆ ಬೀಜವೂ ಅಲ್ಲಿಯದೇ ಎಂದಾಗುವುದಿಲ್ಲ. ಪುಡಿಯಾದ ಮೇಲೆ ಬೀಜದ ಊರು ಹಿಡಿಯುವುದು ಬಲು ಕಷ್ಟ. ಖರೀದಿ ಬಿಲ್ಲುಗಳೇ ಸಾಕ್ಷಿ. ಇಂಥ ಕಡೆ ತಾಲೂಕಿನ ಆಹಾರ ಸುರಕ್ಷತಾ ಅಧಿಕಾರಿ ಡಿವೈಎಸ್ಪಿಗಿಂತ ಬೇಗ ಕೆಲಸಕ್ಕೆ ಬರುತ್ತಾರೆ. ಅವರು ಮಾದರಿಯನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ. ದಾರಿ ತಪ್ಪಿಸುವ ಲೇಬಲ್ಲಿಗೆ 3 ಲಕ್ಷದವರೆಗೆ ದಂಡವನ್ನು ಅಪರ ಜಿಲ್ಲಾಧಿಕಾರಿಯೇ ಹಾಕಬಹುದು.

ಇನ್ನು ನಿಮಗೆ ರುಚಿಸದ ಮಾತು. 2019ರಲ್ಲಿ ಜಿಐ ಸಿಕ್ಕಿದ್ದು ‘ಕೂರ್ಗ್ ಅರೇಬಿಕಾ’ಕ್ಕೆ. ನಮ್ಮ ಜಿಲ್ಲೆಯ ಹೆಚ್ಚಿನ ಬೆಳೆ ರೊಬಸ್ಟಾ. ಆ ಸಲದ ಪಟ್ಟಿಯಲ್ಲಿ ರೊಬಸ್ಟಾದ ಹೆಸರು ಬಂದದ್ದು ವಯನಾಡಿಗೆ. ಬರೀ ‘ಕೂರ್ಗ್ ಕಾಫಿ’ ಎಂದು ಬರೆದವನ ವಕೀಲ ಇದನ್ನೇ ಹಿಡಿದು ಜಗ್ಗುತ್ತಾನೆ. ಕಿತ್ತಳೆಯ ಕೇಸು ಇದಕ್ಕಿಂತ ಗಟ್ಟಿ: ಜಿಐ ಇದೆ, ಹಣ್ಣು ಇಡಿಯಾಗಿ ಎದುರಿಗಿರುತ್ತದೆ, ನಮ್ಮದರ ಬಿಗಿ ಸಿಪ್ಪೆ, ಹಸಿರುಗೂಡಿದ ಹಳದಿ, ಹುಳಿಸಿಹಿ ನಾಗಪುರದ್ದಕ್ಕೆ ಬರುವುದಿಲ್ಲ. 2017ರಲ್ಲಿ ಗೋಣಿಕೊಪ್ಪದಲ್ಲಿ ಗದ್ದಲ ಎಬ್ಬಿಸಿದ ವಿಯೆಟ್ನಾಂ ಮೆಣಸಿನ ವಿಚಾರ ಬೇರೆಯೇ. ಅದು ಆಮದಿನ ಪ್ರಶ್ನೆಯಾಗಿತ್ತು, ಆ ವರ್ಷದ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಿದ್ದು ಅದಕ್ಕೇ. ಅದನ್ನೂ ಇದನ್ನೂ ಒಂದೇ ಮನವಿಯಲ್ಲಿ ತುರುಕಿದರೆ ಯಾವ ಕಚೇರಿಯೂ ಮುಟ್ಟುವುದಿಲ್ಲ.

ಜಿಐ ಟ್ಯಾಗ್ ಬಂದ ದಿನ ಹಾರ, ಶಾಲು, ಭಾಷಣ ಎಲ್ಲ ಆಗುತ್ತದೆ. ಅಧಿಕೃತ ಬಳಕೆದಾರರಾಗಿ ಹೆಸರು ಬರೆಸಿ ಅಂದರೆ ಬೆಳೆಗಾರರು ‘ನೋಡೋಣ’ ಅನ್ನುತ್ತಾರೆ. ಆ ಹೆಸರನ್ನು ಸರಕಿನ ಮೇಲೆ ಬಳಸುವ ಹಕ್ಕು ಇರುವುದು ಅಧಿಕೃತ ಬಳಕೆದಾರರಿಗೆ. ಉಲ್ಲಂಘನೆಯ ದಾವೆ ಹೂಡಲು ನೋಂದಣಿದಾರರ ಜೊತೆ ಅವರಿಗೂ ಹಕ್ಕಿದೆ, ಅದೂ ಜಿಲ್ಲಾ ನ್ಯಾಯಾಲಯದಲ್ಲಿ, ಅಂದರೆ ಮಡಿಕೇರಿಯಲ್ಲೇ. ಹಾಗೆ ಹೆಸರು ಬರೆಸುವ ಜಿಐ-3 ನಮೂನೆಯ ಶುಲ್ಕ 2020ರಲ್ಲಿ 500ರಿಂದ 10 ರೂಪಾಯಿಗೆ ಇಳಿದಿದೆ. ನಿಮ್ಮ ತೋಟದಲ್ಲಿ ಅರೇಬಿಕಾ ಇದ್ದರೆ ಆರ್‌ಟಿಸಿ ಹಿಡಿದು ಕಾಫಿ ಮಂಡಳಿಯ ಕಚೇರಿಗೆ ಹೋಗಿ, ಆ ಜಿಐ ಅವರ ಹೆಸರಿನಲ್ಲೇ ಇದೆ. ಡಿವೈಎಸ್ಪಿಗೆ ಕೊಡುವ ದೂರಿನ ಕೆಳಗೆ ಬಳಕೆದಾರ ನೋಂದಣಿ ಸಂಖ್ಯೆ ಬರೆದು ಸಹಿ ಹಾಕಿ.

— ಸಂಪಾದಕ