ಸರಿ ಉತ್ತರವನ್ನೇ ಹೊಡೆದುಹಾಕುವ ಹುಡುಗ

ಎಂಟನೇ ತರಗತಿಯ ಹುಡುಗ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಕಿರಣ ಎನ್ನೋಣ. ಏಳನೇ ತರಗತಿವರೆಗೆ ಗಣಿತದಲ್ಲಿ ಚೆನ್ನಾಗಿದ್ದವನು ಈ ವರ್ಷ ಪರೀಕ್ಷೆಯಲ್ಲಿ ಫೇಲಾದ. "ಎಲ್ಲಾ ಮೊಬೈಲಿಂದ ಮೇಡಂ. ಟ್ಯೂಷನ್‌ಗೆ ಹಾಕಿದ್ರೂ ಉಪಯೋಗ ಆಗ್ಲಿಲ್ಲ, ಶಾಲೆ ಬದಲಿಸೋಣ ಅಂತಿದ್ದಾರೆ ನಮ್ಮೆಜಮಾನ್ರು" ಎಂದರು ತಾಯಿ.

ಅವನಿಗೊಂದು ಲೆಕ್ಕ ಕೊಟ್ಟೆ. ಒಂದು ಸಂಖ್ಯೆಯ ಮೂರರಷ್ಟಕ್ಕೆ 7 ಕೂಡಿದರೆ 22, ಆ ಸಂಖ್ಯೆ ಯಾವುದು? ಸರಸರ ಬರೆದ, 5 ಬಂತು, ಮರುಕ್ಷಣವೇ ಅದರ ಮೇಲೆ ಗೀಟು ಹಾಕಿದ.

"ಯಾಕೋ ಹೊಡೆದುಹಾಕಿದೆ?"

"ತಪ್ಪಿರುತ್ತೆ ಮೇಡಂ. ನಂದು ಯಾವಾಗ್ಲೂ ತಪ್ಪೇ."

ನಿಧಾನಕ್ಕೆ ಬಾಯಿಬಿಟ್ಟ. ವರ್ಷದ ಶುರುವಿನಲ್ಲಿ ಹೊಸ ಮೇಷ್ಟ್ರು ಬೋರ್ಡಿನ ಹತ್ತಿರ ನಿಲ್ಲಿಸಿ, ಎಲ್ಲರೆದುರು "ನಿನ್ನ ತಲೆಗೆ ಗಣಿತ ಹತ್ತಲ್ಲ" ಎಂದು ಕೊನೇ ಬೆಂಚಿಗೆ ಕಳಿಸಿದ್ದರು. ಅವತ್ತಿನಿಂದ ಅವನು ಕ್ಲಾಸಲ್ಲಿ ಕೈ ಎತ್ತಿಲ್ಲ.

ಮೇಷ್ಟ್ರ ಮಾತಿಗೆ ಅಷ್ಟು ಶಕ್ತಿ ಇದೆಯಾ ಎಂದರು ತಾಯಿ. ಅಮೆರಿಕದ ರೋಸೆಂತಾಲ್ ಮತ್ತು ಜೇಕಬ್ಸನ್ 1968ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳಿದೆ. ಕೆಲವು ಮಕ್ಕಳನ್ನು ಸುಮ್ನೆ ಚೀಟಿ ಎತ್ತಿದ ಹಾಗೆ ಆರಿಸಿ, ಇವರು ಈ ವರ್ಷ ಚುರುಕಾಗ್ತಾರೆ ಎಂದು ಶಿಕ್ಷಕರಿಗೆ ತಿಳಿಸಿದ್ದರು. ವರ್ಷದ ಕೊನೆಗೆ ಒಂದು, ಎರಡನೇ ತರಗತಿಯ ಅಂಥ ಮಕ್ಕಳ ಬುದ್ಧಿಮತ್ತೆಯ ಅಂಕ ಉಳಿದವರಿಗಿಂತ ಜಾಸ್ತಿ ಏರಿತ್ತು. ದೊಡ್ಡ ತರಗತಿಗಳಲ್ಲಿ ಅಷ್ಟು ಕಾಣಲಿಲ್ಲ, ಆ ಅಧ್ಯಯನದ ಮೇಲೆ ತಕರಾರುಗಳೂ ಇವೆ. ಹಾಗಂತ ಎಲ್ಲವೂ ಮೇಷ್ಟ್ರ ಕೈಲಿಲ್ಲ. ಮಕ್ಕಳ ಅಂಕಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಶಿಕ್ಷಕರ ಪಾಲು ಶೇ. 1ರಿಂದ 14 ಎಂದು ಹೆಚ್ಚಿನ ಅಧ್ಯಯನಗಳು ತೋರಿಸುತ್ತವೆ, ಇದು ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ 2014ರಲ್ಲಿ ಹೇಳಿದ್ದು. ಆದರೆ ಕಿರಣನ ವಿಷಯದಲ್ಲಿ ಕೆಟ್ಟಿದ್ದು ಅಂಕಕ್ಕಿಂತ ಮೊದಲು ಧೈರ್ಯ, ಅದನ್ನು ಟ್ಯೂಷನ್ ಸರಿಮಾಡಲ್ಲ.

ಶಾಲೆ ಬದಲಿಸುವುದು ಸದ್ಯಕ್ಕೆ ಬೇಡ ಎಂದೆ. ಪೋಷಕರ ಸಭೆಯಲ್ಲಿ ಎಲ್ಲರೆದುರು ಜಗಳ ತೆಗೆಯದೆ, ಮೇಷ್ಟ್ರನ್ನು ಒಬ್ಬರೇ ಇರುವಾಗ ಭೇಟಿಯಾಗಿ ಆ ಗೀಟು ಹಾಕಿದ ನೋಟ್‌ಬುಕ್ ತೋರಿಸಿ. ಎರಡೇ ಕೇಳಿ: ಮುಂದಿನ ಬೆಂಚು, ಮತ್ತು ಸರಿಯಾದ ಒಂದು ಹಂತ ಕಂಡರೂ ಬಾಯಿಬಿಟ್ಟು ಹೇಳುವುದು. ಎಷ್ಟೋ ಮೇಷ್ಟ್ರುಗಳಿಗೆ ತಾವು ಆಡಿದ ಮಾತು ನೆನಪೇ ಇರುವುದಿಲ್ಲ. ಮನೆಯಲ್ಲಿ ಮಾರ್ಕ್ಸ್ ಕೇಳಬೇಡಿ, ಯಾವ ಲೆಕ್ಕ ಹೇಗೆ ಮಾಡಿದೆ ಅಂತ ಕೇಳಿ.

ಕಿರಣನಿಗೆ ಬೇರೆ ಕೆಲಸ ಕೊಟ್ಟೆ. ಹೊಡೆದುಹಾಕುವ ಮೊದಲು ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟು ನೋಡಬೇಕು. ಐದು ಮೂರಲ ಹದಿನೈದು, ಏಳು ಸೇರಿದರೆ ಇಪ್ಪತ್ತೆರಡು. ಸರಿ ಅಂತ ಹೇಳೋಕೆ ಮೇಷ್ಟ್ರೂ ಬೇಕಿಲ್ಲ, ನಾನೂ ಬೇಕಿಲ್ಲ, ಅಲ್ವಾ?

ಇಷ್ಟಾದ ಮೇಲೂ ಅವಮಾನ ನಿಲ್ಲದಿದ್ದರೆ ಮುಖ್ಯ ಶಿಕ್ಷಕರಿಗೆ ಬರೆದು ಕೊಡಿ ಎಂದು ತಾಯಿಗೆ ಹೇಳಿದ್ದೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.